ನೀರು ಬತ್ತುವ ಕಾಲದ ಹೂವು

ಹೊಸದುರ್ಗದ ಕಡೆ ಮದುವೆಗಳು ಬರುವುದು ಬಾವಿ ಬತ್ತುವ ಕಾಲಕ್ಕೆ. ರಾಗಿ ಒಕ್ಕಣೆ ಮುಗಿದು, ಕಾಳು ಮಾರಿದ ದುಡ್ಡು ಕೈಗೆ ಬಂದು, ಹೊಲದಲ್ಲಿ ಕೆಲಸವಿಲ್ಲದೆ ಆಳೂ ಎತ್ತೂ ಬಿಡುವಾದ ಮೇಲೆ ಎರಡು ಮನೆಯ ಹಿರಿಯರು ಪಂಚಾಂಗ ಬಿಚ್ಚುತ್ತಾರೆ. ಪುಷ್ಯದಲ್ಲಿ ಮದುವೆ ಆಗದು, ಆಷಾಢದಲ್ಲಿ ಆಗದು. ನಡುವೆ ಸಿಗುವ ತಿಂಗಳುಗಳಲ್ಲಿ ಯುಗಾದಿಯಿಂದಾಚೆಗಿನ ಚೈತ್ರ, ವೈಶಾಖಗಳಿಗೇ ಬೇಡಿಕೆ ಹೆಚ್ಚು. ಬಸವ ಜಯಂತಿ, ಅಕ್ಷಯ ತೃತೀಯದ ಆಸುಪಾಸಿನಲ್ಲಿ ಛತ್ರ ಸಿಕ್ಕರೆ ಪುಣ್ಯ. ಪಂಚಾಂಗದ ಲೆಕ್ಕದಲ್ಲಿ ಅದು ವಸಂತ ಋತು. ನಮ್ಮ ನೆಲದ ಲೆಕ್ಕದಲ್ಲಿ ಹಿಂದಿನ ಮಳೆಗಾಲದ ನೀರು ತಳ ಕಂಡು, ಮುಂದಿನ ಮಳೆ ಇನ್ನೂ ಬಾರದ ಕಾಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಯಲ್ಲಿ ಅಶ್ವಿನಿ, ಭರಣಿ ಮಳೆಗಳು ಕೈಕೊಟ್ಟರೆ ಕುಡಿಯುವ ನೀರಿಗೂ ಟ್ಯಾಂಕರ್ ದಾರಿ ಕಾಯಬೇಕು. ಅಂಥ ಹೊತ್ತಿನಲ್ಲೇ ನಮಗೆ ಹೂವು ರಾಶಿರಾಶಿಯಾಗಿ ಬೇಕು.

ಪಂಪನ ಬನವಾಸಿಯ ಮಾವು ಮಲ್ಲಿಗೆಗಳನ್ನು ಓದಿಕೊಂಡು ಬಂದವರಿಗೆ ಈ ತೊಡಕು ತಟ್ಟನೆ ಕಾಣುವುದಿಲ್ಲ. ಬನವಾಸಿ ವರದೆಯ ದಡದ ಊರು, ಮಲೆನಾಡಿನ ಸೆರಗು. ಅಲ್ಲಿಯ ವಸಂತವನ್ನು ತಂದು ವೇದಾವತಿಯ ಒಣ ಪಾತ್ರದ ಪಕ್ಕ ನಿಲ್ಲಿಸಿದರೆ ಹೊಂದುವುದಿಲ್ಲ. ನಮ್ಮ ಸೀಮೆಯಲ್ಲಿ ಮದುವೆಗೆ ಯಾವ ಹೂವು ಆರಿಸುತ್ತಿದ್ದರು, ಅದನ್ನು ಎಲ್ಲಿ ಇಡುತ್ತಿದ್ದರು, ಯಾವಾಗ ಬದಲಾಯಿತು ಎಂದು ಹುಡುಕಿಕೊಂಡು ಹೋದಾಗೆಲ್ಲ ನಾನು ಕೊನೆಗೆ ಮುಟ್ಟಿದ್ದು ಕೆರೆ, ಬಾವಿ, ಅಣೆಕಟ್ಟು, ಕೊಳವೆಬಾವಿಗಳನ್ನೇ. ಹಾಗಾಗಿ ಈ ಬರಹ ಹೂವಿನದು ಎಷ್ಟೋ ಅಷ್ಟೇ ನೀರಿನದೂ ಹೌದು.

ಬಯಲುಸೀಮೆಯ ವಸಂತದಲ್ಲಿ ತಾನಾಗಿ ಹೂ ಬಿಡುವುದು ಗಿಡವಲ್ಲ, ಮರ. ಮೇಲ್ಮಣ್ಣು ಕಾದು ಬೂದಿಯಾಗಿದ್ದರೂ ಆಳಕ್ಕೆ ಬೇರಿಳಿಸಿದ ಮರಕ್ಕೆ ತಳದ ತೇವ ಸಿಗುತ್ತದೆ. ಎಲೆ ಉದುರಿಸಿಕೊಂಡು ಇದ್ದ ನೀರನ್ನು ಉಳಿಸಿಕೊಳ್ಳುತ್ತದೆ. ಬರಿಗೊಂಬೆಯಲ್ಲಿ ಬಿಟ್ಟ ಹೂವು ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಫಾಲ್ಗುಣದಲ್ಲಿ ಮಾರಿಕಣಿವೆ ಕಾಡಿನ ಅಂಚಿನಲ್ಲಿ ಮುತ್ತುಗ ಹೊತ್ತಿಕೊಳ್ಳುತ್ತದೆ. ಯುಗಾದಿಯ ಹೊತ್ತಿಗೆ ಬೇವು, ಹೊಂಗೆ. ಅದರ ಬೆನ್ನಿಗೆ ಕಕ್ಕೆಯ ಹಳದಿ ಗೊಂಚಲು. ಬೇಂದ್ರೆಯವರ ಯುಗಾದಿಯ ಹಾಡಿನಲ್ಲಿ ಬರುವುದು ಗುಲಾಬಿಯಲ್ಲ, ಹೊಂಗೆ ಮತ್ತು ಬೇವು ಎಂಬುದನ್ನು ಎಷ್ಟೋ ಸಲ ಹಾಡಿದವರೂ ಗಮನಿಸಿರುವುದಿಲ್ಲ. ಧಾರವಾಡದವರಿಗೆ ತಮ್ಮ ನೆಲದ ವಸಂತ ಯಾವುದೆಂದು ಗೊತ್ತಿತ್ತು.

ಹೂವಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಮದುವೆಗೆ ತರುವುದಿಲ್ಲ. ಬೇವಿನ ಹೂವಿಗೆ ಯುಗಾದಿಯ ದಿನ ಬೆಲ್ಲದ ಜೊತೆ ಬಾಯಲ್ಲೂ, ಮಾವಿನ ಎಲೆಯ ಜೊತೆ ಬಾಗಿಲಲ್ಲೂ ಜಾಗವಿದೆ, ಮದುಮಗಳ ಮುಡಿಯಲ್ಲಿಲ್ಲ. ಮುತ್ತುಗದ ಹೂವು ಹೋಳಿಯ ಬಣ್ಣಕ್ಕೆ. ಮದುವೆಗೆ ಬೇಕಾದದ್ದು ಅದರ ಎಲೆ. ಹಿಂದಿನ ವರ್ಷದ ಎಲೆಯನ್ನು ಕಡ್ಡಿ ಚುಚ್ಚಿ ಹಚ್ಚಿ, ಒಣಗಿಸಿ, ಅಟ್ಟದ ಮೇಲೆ ಕಟ್ಟಿಟ್ಟು, ಮದುವೆಯ ದಿನ ನೀರು ಚಿಮುಕಿಸಿ ಪಂಕ್ತಿಗೆ ಹಾಕುತ್ತಿದ್ದರು. ಕಕ್ಕೆಯದು ಇನ್ನೂ ವಿಚಿತ್ರ. ಕೇರಳದವರಿಗೆ ಏಪ್ರಿಲ್ ನಡುವಿನ ವಿಷು ಹಬ್ಬದ ಕಣಿ ಅದಿಲ್ಲದೆ ಆಗುವುದಿಲ್ಲ. ಅದೇ ಹೂವು, ಅದೇ ವಾರದಲ್ಲಿ ನಮ್ಮ ಗುಡ್ಡಗಳ ಮೇಲೂ ಜೋತಾಡುತ್ತಿದ್ದರೂ ನಮ್ಮ ಮನೆಗಳಿಗೆ ಇಳಿದು ಬರಲಿಲ್ಲ. ಯಾವ ಹೂವು ಮಂಗಳ, ಯಾವುದು ಬರೀ ಕಾಡಿನದು ಎಂಬ ತೀರ್ಮಾನ ಸಸ್ಯಶಾಸ್ತ್ರದ್ದಲ್ಲ, ಆಯಾ ನಾಡಿನ ರೂಢಿಯದು.

ಹೂವು ಕಡಿಮೆ ಸಿಗುವ ಕಾಲದ ಅಲಂಕಾರವನ್ನು ಆ ಜನ ಎಲೆಯಿಂದ ಮಾಡಿದರು. ಹಳೆಯ ಚಪ್ಪರವನ್ನು ಒಮ್ಮೆ ಮನಸ್ಸಿನಲ್ಲಿ ಬಿಡಿಸಿ ನೋಡಿ. ಮೇಲೆ ತೆಂಗಿನ ಗರಿ. ಹಾಲುಗಂಬಕ್ಕೆ ಅತ್ತಿಯದೋ ಆಲದ್ದೋ ಹಾಲು ಸುರಿಸುವ ಕೊಂಬೆ. ಬಾಗಿಲ ಎರಡೂ ಕಡೆ ಗೊನೆ ಬಿಟ್ಟ ಬಾಳೆಕಂದು. ಅಡ್ಡಕ್ಕೆ ಮಾವಿನ ತೋರಣ. ನೆರಳಿಗೆ ನೇರಳೆ ಸೊಪ್ಪು. ಇದರಲ್ಲಿ ಎಲ್ಲೂ ಹೂವಿಲ್ಲ! ಆದರೂ ಅದರೊಳಗೆ ಕಾಲಿಟ್ಟವರಿಗೆ ಹೊರಗಿನ ಬಿಸಿಲಿಗಿಂತ ತಂಪಾಗುತ್ತಿತ್ತು, ಹಸಿ ಸೊಪ್ಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಇವೆಲ್ಲ ಬೇಸಿಗೆಯಲ್ಲೂ ಹಸಿರಾಗಿರುವ ಮರಗಳು ಎಂಬುದನ್ನು ಗಮನಿಸಬೇಕು. ಬಾಳೆಯೊಂದಕ್ಕೇ ಬಾವಿಯ ನೀರು ಬೇಕು. ಹಾಗಾಗಿ ಬಾಳೆಕಂದು ಕೊಡುವ ತೋಟದವನ ಮನೆಗೆ ಮದುವೆಗೆ ಮೊದಲೇ ಎಲೆ ಅಡಿಕೆ ಹೋಗುತ್ತಿತ್ತು.

ಹೊಸದುರ್ಗ ತೆಂಗು ಅಡಿಕೆಯ ತಾಲ್ಲೂಕು. ಹಾಗಾಗಿ ನಮ್ಮಲ್ಲಿ ನಿಜವಾದ ಅರ್ಥದಲ್ಲಿ ‘ಹೂವಿನ ಜೋಡಣೆ’ ಎನ್ನಬಹುದಾದದ್ದು ಹೊಂಬಾಳೆ. ಇನ್ನೂ ಬಿರಿಯದ ಹೊಂಬಾಳೆಯನ್ನು ಮರದಿಂದ ಇಳಿಸಿ, ಮೇಲಿನ ಹಾಳೆಯನ್ನು ಸೀಳಿ ಕುಲುಕಿದರೆ ದಂತದ ಬಣ್ಣದ ಎಳೆಗಳು ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ. ಅದಕ್ಕೆ ದಾರ ಬೇಡ, ಸೂಜಿ ಬೇಡ, ನೀರಿನ ಪಾತ್ರೆಯೂ ಬೇಡ. ಕಲಶದ ಮೇಲೆ, ಹಸೆಯ ಪಕ್ಕ, ಮಂಟಪದ ಕಂಬಕ್ಕೆ ಹಾಗೇ ಸಿಕ್ಕಿಸಬಹುದು. ಬೆಲೆ ಮಾತ್ರ ಸಣ್ಣದಲ್ಲ. ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಕೊಟ್ಟೀತು, ಅಡಿಕೆ ಮರ ಕೊಡುವುದು ವರ್ಷಕ್ಕೆ ಮೂರೋ ನಾಲ್ಕೋ. ಮದುವೆಗೆಂದು ಒಂದು ಕಡಿದರೆ ಆ ಮರದ ಒಂದು ಗೊನೆಯೇ ಹೋಯಿತು. ಅಡಿಕೆಯ ಹೊಂಬಾಳೆ ಹೊರಡುವುದೂ ಹೆಚ್ಚಾಗಿ ಬೇಸಿಗೆಗೆ ಮುಂಚಿನ ಈ ತಿಂಗಳುಗಳಲ್ಲೇ. ಮಗಳ ಮದುವೆಗೆ ಕೈಯಾರೆ ತನ್ನ ಫಸಲನ್ನು ಕಡಿದು ಇಡುವ ಅಲಂಕಾರ ಇದು. ಪೇಟೆಯಲ್ಲಿ ಕೊಂಡ ಯಾವ ಹೂವಿನಲ್ಲೂ ನನಗೆ ಆ ತೂಕ ಕಂಡಿಲ್ಲ.

ಹಾಗಾದರೆ ಮುಡಿಯುವ ಹೂವು? ಅದು ಬಚ್ಚಲ ನೀರಿನಲ್ಲಿ ಬೆಳೆಯಿತು. ಹಳೆಯ ಮನೆಗಳ ಹಿತ್ತಲಲ್ಲಿ ಬಚ್ಚಲ ಮೋರಿ ಹೊರಬೀಳುವ ಕಡೆ ಬಾಳೆ, ಕೆಸು, ಅದರ ಆಚೆ ಒಂದು ಮಲ್ಲಿಗೆ ಪೊದೆ ಇರುತ್ತಿತ್ತು. ಸ್ನಾನ ಮಾಡಿದ ನೀರು, ಪಾತ್ರೆ ತೊಳೆದ ನೀರು ಅದಕ್ಕೆ ಸಾಕು. ಮಾಘದಲ್ಲಿ ಎಲೆ ಸವರಿ ಬಿಟ್ಟರೆ ಬಿಸಿಲು ಏರಿದಂತೆ ಮೊಗ್ಗು ಏರುತ್ತದೆ. ಮಲ್ಲಿಗೆಯ ಸುಗ್ಗಿಯೂ ಮದುವೆಯ ಸುಗ್ಗಿಯೂ ಒಂದೇ ಆಗಿರುವುದು ನಮ್ಮ ಪುಣ್ಯ. ಮೊಗ್ಗಿನ ಜಡೆ ಎಂಬ ಕಲೆ ಹುಟ್ಟಿದ್ದು ಈ ಹೊಂದಾಣಿಕೆಯಿಂದಲೇ ಇರಬೇಕು ಎಂದು ನನ್ನ ಊಹೆ. ಒಂದು ಮನೆಯ ಪೊದೆಯಿಂದ ಜಡೆ ತುಂಬದು. ಓಣಿಯ ನಾಲ್ಕು ಮನೆಯ ಮೊಗ್ಗು ಸೇರಬೇಕು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದಾಗ ಕನ್ನಡದ ದಾಂಪತ್ಯಕ್ಕೆ ಈ ಒಂದು ಹೂವಿನ ಹೆಸರೇ ಅಂಟಿಕೊಂಡದ್ದು ಸುಮ್ಮನೆ ಅಲ್ಲ.

ಊರಿಗೆಲ್ಲ ಹೂವು ಒದಗಿಸುತ್ತಿದ್ದವರು ಹೂಗಾರರು. ಕೆಲವು ಕಡೆ ಜೀರರು, ಹೂವಾಡಿಗರು ಎಂದೂ ಕರೆಯುತ್ತಾರೆ. ದಿನಾ ಬೆಳಿಗ್ಗೆ ಮನೆಮನೆಗೆ ಪತ್ರೆ ಪುಷ್ಪ ಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರುವುದು ಪದ್ಧತಿ. ಹನ್ನೆರಡನೆಯ ಶತಮಾನದ ಶರಣ ಹೂಗಾರ ಮಾದಯ್ಯನನ್ನು ಈ ಸಮುದಾಯ ತನ್ನ ಹಿರಿಯನೆಂದು ನೆನೆಯುತ್ತದೆ. ಮದುವೆಯ ಮನೆಗೆ ಅವರು ತರುತ್ತಿದ್ದ ಮುಖ್ಯ ವಸ್ತು ಮಾತ್ರ ನಿಜವಾದ ಹೂವಲ್ಲ, ಬಾಸಿಂಗ. ಕೆರೆಯ ಜೌಗಿನಲ್ಲಿ ಬೆಳೆಯುವ ಬೆಂಡಿನ ಗಿಡದ ಹಗುರವಾದ ಬಿಳಿ ತಿರುಳನ್ನು ತೆಳ್ಳಗೆ ಕೊಯ್ದು, ಹೂವಿನ ಆಕಾರ ಕೊಟ್ಟು, ಬಣ್ಣದ ಕಾಗದ, ಜರಿ ಸೇರಿಸಿ ಮಾಡಿದ್ದು. ಹೂವು ಬಾಡುವ ಬಿಸಿಲಿನಲ್ಲಿ ಬಾಡದ ಹೂವು. ಇಂದಿನ ಪ್ಲಾಸ್ಟಿಕ್ ಹೂವನ್ನು ಬೈಯುವವರು (ನಾನೂ ಅವರಲ್ಲೊಬ್ಬ) ಇದನ್ನು ನೆನಪಿಡಬೇಕು. ಕೃತಕ ಹೂವು ನಮ್ಮ ಮದುವೆಗೆ ಹೊಸದೇನಲ್ಲ. ಹಳೆಯದು ಕೆರೆಯಲ್ಲಿ ಹುಟ್ಟಿ ಮಣ್ಣಿಗೇ ಹೋಗುತ್ತಿತ್ತು, ಊರಿನ ಒಂದು ಮನೆಗೆ ಅನ್ನ ಕೊಡುತ್ತಿತ್ತು ಎನ್ನುವುದೇ ವ್ಯತ್ಯಾಸ.

ಕೆರೆಯ ಮಾತು ಬಂದದ್ದರಿಂದ ಶಾಸನಗಳನ್ನೂ ನೋಡಬೇಕು. ಬಿ.ಎಲ್. ರೈಸ್ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅಲ್ಲಿ ಕೆರೆ ಕಟ್ಟಿಸಿದ, ಕೆರೆಯ ಕೆಳಗೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಕರ್ನಾಟಕದ ದಾನ ಶಾಸನಗಳಲ್ಲಿ ದೇವರ ಅಂಗಭೋಗ, ರಂಗಭೋಗ, ನಂದಾದೀವಿಗೆಗಳ ಜೊತೆಗೆ ಹೂದೋಟಕ್ಕೂ ಮಾಲೆಗಾರರಿಗೂ ಜಮೀನು ಬಿಟ್ಟದ್ದು ಕಾಣುತ್ತದೆ. ಅಂದರೆ ವರ್ಷವಿಡೀ ಹೂವು ಬೇಕಾಗಿದ್ದು ದೇವರಿಗೆ, ಅದಕ್ಕೆಂದೇ ನೀರಾವರಿ ಭೂಮಿ ಮೀಸಲು. ಮನುಷ್ಯರಿಗೆ ಹಬ್ಬಕ್ಕೊಂದು, ಮದುವೆಗೊಂದು. ಚಿತ್ರದುರ್ಗದ ಕೋಟೆಯಲ್ಲಿ ಸಂಪಿಗೆ ಸಿದ್ಧೇಶ್ವರನ ಗುಡಿಯಿದೆ. ನಾಯಕರ ಪಟ್ಟಾಭಿಷೇಕ ನಡೆಯುತ್ತಿದ್ದುದು ಅಲ್ಲೇ ಎಂದು ಹೇಳುತ್ತಾರೆ. ಬಂಡೆಯ ನಡುವೆ ಮಳೆನೀರು ನಿಲ್ಲಿಸಿದ ಆ ಕೋಟೆಯಲ್ಲಿ ದೇವರು ಒಂದು ಹೂಮರದ ಹೆಸರು ಹೊತ್ತಿದ್ದಾನೆ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದ ಮುಂದೆ ಹರಕೆ ಹೊತ್ತು ಕೂರುವವರಿಗೆ ನೀರಿನಿಂದ ಹೂವೋ ಹಣ್ಣೋ ತೇಲಿ ಬಂದರೆ ಬೇಡಿದ್ದು ಕೈಗೂಡಿತೆಂಬ ನಂಬಿಕೆ. ಒಣ ಸೀಮೆಯ ಜನ ನೀರನ್ನೂ ಹೂವನ್ನೂ ಒಂದೇ ವರವೆಂದು ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ರಾಜಧಾನಿಗಳ ಕಥೆ ಬೇರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳ ಪಟ್ಟಿಯಲ್ಲಿ ಮಾಲೆಗೇ ಪ್ರತ್ಯೇಕ ಅಧ್ಯಾಯವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್, ಈ ಊರಿನವರಿಗೆ ಗುಲಾಬಿಯಿಲ್ಲದೆ ಬದುಕೇ ಇಲ್ಲ, ಅನ್ನದಷ್ಟೇ ಅದೂ ಬೇಕು ಎಂಬರ್ಥದಲ್ಲಿ ಬರೆದಿಟ್ಟ. ಇದನ್ನು ಓದಿದವರೆಲ್ಲ ಹಂಪಿಯ ಬೀದಿಯಲ್ಲಿ ಗುಲಾಬಿಯ ರಾಶಿಯನ್ನೇ ಕಲ್ಪಿಸಿಕೊಳ್ಳುತ್ತಾರೆ. ಪಾರಸಿಯಲ್ಲಿ ‘ಗುಲ್’ ಎಂದರೆ ಗುಲಾಬಿಯೂ ಹೌದು, ಬರೀ ಹೂವೂ ಹೌದು. ಅವನು ಕಂಡ ರಾಶಿಯಲ್ಲಿ ಮಲ್ಲಿಗೆ, ಸಂಪಿಗೆಗಳೂ ಇದ್ದಿರಬೇಕೆಂದು ನಾನು ಎಣಿಸುತ್ತೇನೆ. ಅವನು ಬಂದದ್ದೂ ಕಡು ಬೇಸಿಗೆಯಲ್ಲಿ. ತುಂಗಭದ್ರೆ ಪಕ್ಕದಲ್ಲಿದ್ದ ಊರಿಗೆ ಅದು ಸಾಧ್ಯವಿತ್ತು. ಹೂವಿನಹಡಗಲಿಯಿಂದ ಹೊಳೆಯಲ್ಲಿ ಹಡಗು ತುಂಬಿ ಹೂವು ಹೋಗುತ್ತಿತ್ತೆಂದು ಆ ಊರಿನ ಹೆಸರಿಗೆ ಕಥೆ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಹಡಗಲಿಯ ಮಲ್ಲಿಗೆಗೆ ಇಂದು ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇರುವುದಂತೂ ನಿಜ. ಬರೀ ಮಳೆ ನಂಬಿದ ನಮ್ಮ ಹಳ್ಳಿಗಳು ಆ ಭೋಗದ ಲೆಕ್ಕದಲ್ಲಿ ಎಂದೂ ಬರಲಿಲ್ಲ.

ಇನ್ನು ನಾವು ‘ಸಂಪ್ರದಾಯದ ಹೂವು’ ಎಂದು ಗಟ್ಟಿಯಾಗಿ ನಂಬಿರುವ ಕೆಲವನ್ನು ನೋಡೋಣ. ಚೆಂಡುಹೂವಿಲ್ಲದ ಛತ್ರ ಇಂದು ಸಿಗುವುದಿಲ್ಲ. ಅದರ ತವರು ಮೆಕ್ಸಿಕೊ. ಅಲ್ಲಿ ಅದು ಸತ್ತ ಹಿರಿಯರನ್ನು ಕರೆಯುವ ಹಬ್ಬದ ಹೂವು. ವಧೂವರರ ಹಾರದ ಸುಗಂಧರಾಜವೂ ಮೆಕ್ಸಿಕೊದ್ದೇ. ಎರಡೂ ಯುರೋಪಿನವರ ಹಡಗು ಅಮೆರಿಕ ಮುಟ್ಟಿದ ಮೇಲೆ, ಅಂದರೆ ಹದಿನಾರನೆಯ ಶತಮಾನದಿಂದೀಚೆಗೆ ಬಂದವು. ದೇವಸ್ಥಾನದ ಅಂಗಳದ ದೇವಕಣಗಿಲೆಯೂ ಆ ಕಡೆಯಿಂದ ಬಂದದ್ದೇ. ಸೇವಂತಿಗೆಯ ಮೂಲ ಚೀನಾ. ಅದರ ಹೆಸರಿನಲ್ಲೊಂದು ಗಂಟಿದೆ. ಮರಾಠಿಯ ಶೇವಂತಿ ನಮ್ಮ ಸೇವಂತಿಗೆಯೇ, ಹಿಂದಿಯ ಸೇವತಿ ಮಾತ್ರ ಬಿಳಿ ಗುಲಾಬಿ. ಆದ್ದರಿಂದ ಹಳೆಯ ಕಾವ್ಯದಲ್ಲಿ ಈ ಹೆಸರು ಕಂಡ ಕೂಡಲೇ ನಮ್ಮ ಹೊಲದ ಹಳದಿ ಹೂವನ್ನು ಅಲ್ಲಿ ಇಡಬಾರದು. ಇದಕ್ಕೆ ಪ್ರತಿಯಾಗಿ ಕನಕಾಂಬರ ಅಪ್ಪಟ ದಕ್ಷಿಣ ಭಾರತದ್ದು, ಸಿಂಹಳದ್ದು. ವಾಸನೆಯಿಲ್ಲದ ಈ ಹೂವು ಬರೀ ಬಣ್ಣ ಮತ್ತು ಬಾಳಿಕೆಯ ಬಲದಿಂದ ಮುಡಿಗೇರಿತು. ಚೈತ್ರದಲ್ಲಿ ದೇವರಿಗೆ 'ದವನದ ಪೂಜೆ' ಎಂದು ಕೊಡುವ ದವನವೂ ನಮ್ಮದೇ. ಹೊರಗಿನಿಂದ ಬಂದದ್ದೆಂದು ಚೆಂಡುಹೂವನ್ನು ದೂರ ಇಡಬೇಕೆಂದು ನಾನು ಹೇಳುತ್ತಿಲ್ಲ. ಬಿಸಿಲಿಗೆ ಬಗ್ಗದ ಗುಣದಿಂದ ಅದು ತನ್ನ ಜಾಗವನ್ನು ತಾನೇ ಸಂಪಾದಿಸಿಕೊಂಡಿದೆ. ಯಾವ ಹೂವು ನಮ್ಮದು ಎಂದು ತೀರ್ಮಾನಿಸಿದ್ದು ಶಾಸ್ತ್ರವಲ್ಲ, ವೈಶಾಖದ ಬಿಸಿಲು.

ದೊಡ್ಡ ಬದಲಾವಣೆ ಬಂದದ್ದು ನೀರಿನ ಕಡೆಯಿಂದ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿಯಿತು. ಮಹಾರಾಣಿಯವರ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರ. ಕಾಲುವೆಯ ಕೆಳಗಿನ ಹಿರಿಯೂರು ಸೀಮೆಗೆ ಬೇಸಿಗೆಯಲ್ಲೂ ತೋಟ ಮಾಡುವ ಧೈರ್ಯ ಬಂತು. ಹೊಸದುರ್ಗದ ಪಾಲಿಗೆ ಬಂದದ್ದು ಹಿನ್ನೀರು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. ಆಗ ನಮ್ಮ ತಾಲ್ಲೂಕಿನ ಅಂಚಿನ ಎಷ್ಟೋ ತೋಟಗಳು ನೀರಿನಲ್ಲಿ ನಿಂತವು. ಬರದಲ್ಲಿ ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡ ಅಡಿಕೆ ಮರ ಕೊನೆಗೆ ನೀರಿನಿಂದಲೇ ಸಾಯುವುದನ್ನು ಕಾಣುವುದೆಂದರೆ ಸಾಮಾನ್ಯವಲ್ಲ.

ಕಾಲುವೆ ಮುಟ್ಟದ ಕಡೆ ಕೊಳವೆಬಾವಿ ಬಂತು. ಒಂದೆರಡು ಇಂಚು ನೀರು ಸಿಕ್ಕ ಸಣ್ಣ ರೈತನಿಗೆ ಅಡಿಕೆಗಿಂತ ಹೂವೇ ವಾಸಿ ಎನಿಸಿತು. ಅಡಿಕೆಗೆ ವರ್ಷಗಟ್ಟಲೆ ಕಾಯಬೇಕು, ಸೇವಂತಿಗೆ ಕೆಲವೇ ತಿಂಗಳಲ್ಲಿ ದುಡ್ಡು ಕಾಣಿಸುತ್ತದೆ, ಅರ್ಧ ಎಕರೆಯಲ್ಲೂ ಮಾಡಬಹುದು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಯ ಸುತ್ತ ಸೇವಂತಿಗೆ, ಕನಕಾಂಬರ, ಸುಗಂಧರಾಜಗಳು ಹೀಗೆ ಹೊಲಕ್ಕಿಳಿದವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಸುಗಂಧರಾಜದ ತಳಿಗಳ ಹೆಸರು ಶೃಂಗಾರ್, ಸುವಾಸಿನಿ. ವಿಜ್ಞಾನಿಗಳಿಗೂ ಮದುವೆ ಮನೆಯೇ ಕಣ್ಣ ಮುಂದಿತ್ತು. ಆದರೆ ಸೇವಂತಿಗೆಗೆ ನಮ್ಮ ಮದುವೆಯ ಕಾಲ ಒಗ್ಗುವುದಿಲ್ಲ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ ಅದು. ಕಾರ್ತೀಕದಿಂದ ಸಂಕ್ರಾಂತಿಯವರೆಗೆ ಅದರ ಸಹಜ ಸುಗ್ಗಿ. ಹಗಲು ರಾತ್ರಿಗಳ ಉದ್ದವೇ ಗಿಡದ ಹೂವನ್ನು ನಿರ್ಧರಿಸಬಲ್ಲದೆಂದು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ತೋರಿಸಿಕೊಟ್ಟರು. ಇಂದು ನಮ್ಮ ರಾಜ್ಯದ ಹಲವು ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿ ಸಾಲುಸಾಲು ಬಲ್ಬು ಉರಿಯುವುದು ಆ ತಿಳಿವಳಿಕೆಯ ಫಲ. ಬೆಳಕು ಕೊಟ್ಟು ರಾತ್ರಿಯನ್ನು ಮೊಟಕು ಮಾಡಿ, ಮೊಗ್ಗನ್ನು ತಡೆದು, ಬೇಕಾದ ತಿಂಗಳಿಗೆ ಬಿಡುವುದು. ವೃಕ್ಷಾಯುರ್ವೇದದ ಹಳೆಯ ಪುಸ್ತಕಗಳಲ್ಲಿ ಕಾಲವಲ್ಲದ ಕಾಲಕ್ಕೆ ಹೂ ಬಿಡಿಸುವ ಆಸೆ ಇತ್ತು. ಆಸೆ ಈಡೇರಿತು, ಕೊಳವೆಬಾವಿಯ ಆಳ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯಿತು. ಜಿಲ್ಲೆಯ ಬಹುಪಾಲು ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ.

ಈ ಬೆಳೆ ಎಷ್ಟು ಸೂಕ್ಷ್ಮ ಎಂಬುದು 2020ರ ವಸಂತದಲ್ಲಿ ಗೊತ್ತಾಯಿತು. ಆ ವರ್ಷದ ಯುಗಾದಿ ಮಾರ್ಚ್ 25ಕ್ಕೆ ಬಂತು, ದೇಶ ಬಾಗಿಲು ಹಾಕಿಕೊಂಡ ಮೊದಲ ದಿನ. ಮದುವೆಗಳು ನಿಂತವು, ಜಾತ್ರೆ ತೇರು ನಿಂತವು, ಗುಡಿಗಳಿಗೆ ಬೀಗ. ಅರಳಿದ ಹೂವನ್ನು ಬಿಡಿಸಿದರೆ ಕೂಲಿಯೂ ಹುಟ್ಟದು, ಬಿಡಿಸದೆ ಬಿಟ್ಟರೆ ಗಿಡ ಕೆಡುತ್ತದೆ. ಎಷ್ಟೋ ರೈತರು ಟ್ರ್ಯಾಕ್ಟರ್ ಹೊಡೆದು ಹೂವನ್ನು ಮಣ್ಣಿಗೆ ಸೇರಿಸಿದರು. ರಾಜ್ಯ ಸರ್ಕಾರ ಮೇ ತಿಂಗಳಲ್ಲಿ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಬೆಳೆದವನ ಹೆಸರು ಪಹಣಿಯಲ್ಲಿರುತ್ತದೆ, ಅವನಿಗೆ ಅಷ್ಟಾದರೂ ಬಂತು. ಹೂ ಕಟ್ಟುವವರ ಹೆಸರು ಎಲ್ಲಿಯೂ ಇರುವುದಿಲ್ಲ.

ಆ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಹೊಲದಿಂದ ಬಂದ ಬಿಡಿ ಹೂವನ್ನು ಮನೆಮನೆಯಲ್ಲಿ ಹೆಣ್ಣುಮಕ್ಕಳು ಕೂತು ಕಟ್ಟುತ್ತಾರೆ. ನೆನೆಸಿದ ಬಾಳೆನಾರು ಈಗ ಅಪರೂಪ, ದಾರವೇ ಹೆಚ್ಚು. ಎರಡು ಹೂವು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಮಾತಾಡುತ್ತಲೇ ಇರುತ್ತಾರೆ, ಕಣ್ಣು ಬೇರೆಲ್ಲೋ, ಬೆರಳು ಮಾತ್ರ ತಪ್ಪುವುದಿಲ್ಲ. ಕೂಲಿ ಮಾರಿನ ಲೆಕ್ಕ. ಎರಡೂ ತೋಳು ಚಾಚಿದರೆ ಒಂದು ಮಾರು, ಮೊಳಕೈಯಿಂದ ಬೆರಳ ತುದಿಗೆ ಒಂದು ಮೊಳ. ಸೇರು, ಪಾವು, ಮೈಲಿ ಎಲ್ಲ ಹೋದ ಮೇಲೂ ಮನುಷ್ಯನ ಮೈಯನ್ನೇ ಅಳತೆಗೋಲು ಮಾಡಿಕೊಂಡ ವ್ಯಾಪಾರ ಇದೊಂದೇ ಉಳಿದಿರಬೇಕು. ಕಟ್ಟಿಸಿಕೊಳ್ಳುವಾಗ ಉದ್ದವಾಗುವ ಮಾರು ಮಾರುವಾಗ ಹೇಗೋ ಗಿಡ್ಡವಾಗುತ್ತದೆ. ಆಯುಧಪೂಜೆಯ ಹಿಂದಿನ ದಿನ ಮಾರಿನ ಬೆಲೆ ಆಕಾಶಕ್ಕೆ ಹೋದರೂ ಕಟ್ಟುವ ಕೂಲಿ ಅಲ್ಲೇ ಇರುತ್ತದೆ. ನನಗೆ ಹೂವಿನ ಬೆಲೆಗಿಂತ ಹೆಚ್ಚು ಕಾಡುವುದು ಇದು.

ಹೂವನ್ನು ಪಾತ್ರೆಯಲ್ಲಿ ನಿಲ್ಲಿಸಿ ನೋಡುವ ರೂಢಿ ನಮಗೆ ಬಂದದ್ದು ಬೆಂಗಳೂರಿನ ದಂಡಿನ ಬಂಗಲೆಗಳಿಂದ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳಿಂದ. ನಮ್ಮದು ಕಟ್ಟುವ, ತೊಡಿಸುವ, ಅರ್ಪಿಸುವ ಕ್ರಮ. ತೊಟ್ಟಿನ ಉದ್ದ ನಮಗೆ ಮುಖ್ಯವೇ ಆಗಿರಲಿಲ್ಲ. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಶುರುವಾಗುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರ ನೆಡಿಸಿದ. ಋತುವನ್ನು ತಿದ್ದದೆ ಋತುವಿಗೆ ಸರಿಯಾಗಿ ಆಯ್ಕೆ ಮಾಡುವ ಆ ಬುದ್ಧಿ ನನಗೆ ಬಹಳ ಇಷ್ಟ. ಮದುವೆಯ ವೇದಿಕೆಗೆ ಬಂದದ್ದು ಅದಲ್ಲ. ಈಗ ಹೊಸದುರ್ಗದ ಛತ್ರದಲ್ಲೂ ಬೆಂಗಳೂರಿನಿಂದ ರಾತ್ರಿ ಲಾರಿಯಲ್ಲಿ ಬಂದ ಜರ್ಬೆರಾ, ಕಾರ್ನೇಷನ್‌ಗಳನ್ನು ಹಸಿರು ಸ್ಪಂಜಿಗೆ ಚುಚ್ಚಿ ಗೋಡೆ ಕಟ್ಟುತ್ತಾರೆ. ಆ ಸ್ಪಂಜನ್ನು 1954ರಲ್ಲಿ ಕಂಡುಹಿಡಿದದ್ದು ಅಮೆರಿಕದ ವರ್ನನ್ ಸ್ಮಿದರ್ಸ್. ಅದು ಹೂವಿನ ತೊಟ್ಟಿಗೆ ನೀರು ಕುಡಿಸುತ್ತದೆ, ಮಣ್ಣಲ್ಲಿ ಮಾತ್ರ ಕರಗುವುದಿಲ್ಲ. ಅದೂ ದುಬಾರಿಯಾದವರಿಗೆ ಬಾಡಿಗೆಯ ಪ್ಲಾಸ್ಟಿಕ್ ಹೂವು, ಇವತ್ತು ಈ ಮದುವೆ, ನಾಳೆ ಆ ಮದುವೆ. ಸಾಲ ಮಾಡಿ ಮದುವೆ ಮಾಡುವ ತಂದೆಯನ್ನು ಅದಕ್ಕಾಗಿ ದೂರಲು ನನಗೆ ಮನಸ್ಸು ಬಾರದು. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಸರಳ ರೀತಿಯಲ್ಲಿ ನಡೆಸಿ ಬೇರೊಂದು ದಾರಿ ತೋರಿಸಿದ್ದರು. ಆ ದಾರಿಯಲ್ಲಿ ಹೋದವರು ಕಡಿಮೆ.

ನನ್ನನ್ನು ಕೇಳಿದರೆ ವೈಶಾಖದ ಮದುವೆಗೆ ಆಯ್ಕೆ ಕಷ್ಟವೇನಲ್ಲ. ಬಿಸಿಲು ಬೀಳುವ ಹೆಬ್ಬಾಗಿಲಿಗೆ ಮಾವಿನ ತೋರಣ, ಬಾಳೆಕಂದು, ಚೆಂಡುಹೂವು. ಇಡೀ ದಿನ ತಡೆಯುತ್ತವೆ. ಧಾರೆಯ ಮಂಟಪಕ್ಕೆ ನಾಲ್ಕು ಕಂಬಕ್ಕೆ ನಾಲ್ಕು ತೆಂಗಿನ ಹೊಂಬಾಳೆ, ಅದರ ಮುಂದೆ ಬೇರೆ ಬಣ್ಣ ಬೇಡ. ಹಾರಕ್ಕೆ ಸುಗಂಧರಾಜ, ನಡುವೆ ನಾಲ್ಕು ಎಸಳು ದವನ. ಕನಕಾಂಬರವನ್ನು ಹಿಂದಿನ ದಿನವೇ ಕಟ್ಟಿಡಬಹುದು, ಬಾಡುವುದಿಲ್ಲ. ಸಂಪಿಗೆ ಬೆಳಿಗ್ಗೆ ಬಂಗಾರ, ಮಧ್ಯಾಹ್ನಕ್ಕೆ ಕಂದು. ಅದನ್ನು ಹಾರಕ್ಕೆ ಸೇರಿಸದೆ ಬಂದವರನ್ನು ಎದುರುಗೊಳ್ಳುವ ತಟ್ಟೆಯಲ್ಲಿ ಪನ್ನೀರಿನ ಪಕ್ಕ ಇಡುವುದು ಒಳ್ಳೆಯದು. ಮನೆಯ ದೇವರ ಮುಂದೆ ಅಗಲದ ಹಿತ್ತಾಳೆ ಪಾತ್ರೆಯ ನೀರಿನಲ್ಲಿ ತೇಲಿಬಿಟ್ಟರೂ ಆದೀತು. ಸೇವಂತಿಗೆಯನ್ನು ಅದರ ಕಾಲದ ಹಬ್ಬಗಳಿಗೆ ಬಿಡೋಣ. ಇನ್ನು ಮಲ್ಲಿಗೆ. ಅದರಲ್ಲಿ ನನ್ನ ಸಲಹೆಗಿಂತ ಮಾರುವವರ ಮಾತೇ ದೊಡ್ಡದು. ಹೋದ ಬೇಸಿಗೆ ಸಂಬಂಧಿಕರ ಮದುವೆಗೆಂದು ಬಸ್ ನಿಲ್ದಾಣದ ಹತ್ತಿರ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯ ಬಳಿ ಇಪ್ಪತ್ತು ಮಾರು ಕೇಳಿದೆ. ಬೆಲೆ ಹೇಳುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಯಾವ ಹೊತ್ತಿಗಪ್ಪಾ, ಸಂಜೆ ಆರತಕ್ಷತೆಗೋ, ಬೆಳಗಿನ ಧಾರೆಗೋ?”

“ಎರಡಕ್ಕೂ ಬೇಕು ಅಜ್ಜಿ.”

“ಹಂಗಾದ್ರೆ ಹತ್ತು ಮಾರು ಈಗ ತಗಂಡೋಗು, ದೀಪ ಹಚ್ಚೋ ಹೊತ್ತಿಗೆ ಅರಳ್ತವೆ. ಇನ್ನತ್ತು ಎಳೇ ಮೊಗ್ಗು ನೋಡಿ ಕಟ್ಟಿ, ಒದ್ದೆ ಬಟ್ಟೇಲಿ ಸುತ್ತಿ ಮಡಗ್ತೀನಿ. ಕತ್ಲೆ ಆದ್ಮೇಲೆ ಬಂದು ಒಯ್ಯಿ, ಬಿಚ್ಬೇಡ.”